ನರೆತ ತಲೆಯೆಲ್ಲ ಬಲಿತ ಬುದ್ಧಿಯೆ?

ಪ್ರಾಯದ ಬಿಸಿ ಆರಿದ ಮೇಲೆ ಮನುಷ್ಯನ ರಾಜಕೀಯ ಅಭಿಪ್ರಾಯಗಳು ಬದಲಾಗುವುದು ಸಹಜವೆಂದು ಲೋಕ ಹೇಳುತ್ತದೆ. ಸಹಜವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಬದಲಾದುದೆಲ್ಲವೂ ಬಲಿತುದೆಂಬ ಮಾತನ್ನು ಮಾತ್ರ ಒಪ್ಪಲಾರೆವು. ಈ ಎರಡರ ನಡುವಣ ಅಂತರವನ್ನು ಕುರಿತು ನಮ್ಮ ಸದ್ಭಕ್ತರೊಡನೆ, ಅದರಲ್ಲಿಯೂ ಪ್ರಸಾದನಿಲಯದಲ್ಲಿದ್ದು ಓದಿ ಇಂದು ಉನ್ನತ ಸ್ಥಾನಗಳಲ್ಲಿರುವ ಪೂರ್ವ ವಿದ್ಯಾರ್ಥಿಗಳೊಡನೆ, ನಾಲ್ಕು ಮಾತುಗಳನ್ನು ತುಸು ನಿಷ್ಠುರವಾಗಿಯೇ ಆಡಬೇಕಾಗಿದೆ.

ಕಳೆದ ವರ್ಷ ಶ್ರೀಮಠದಲ್ಲಿ ಪೂರ್ವ ವಿದ್ಯಾರ್ಥಿಗಳ ಸಮಾವೇಶ ನೆರವೇರಿತಷ್ಟೆ. ಅಂದು ನಿಲಯದ ಪರವಾಗಿ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಐದು ನಿಮಿಷ ಮಾತನಾಡಿದನು. ತನ್ನ ತಾಯಿ ಕೂಲಿಯಿಂದ ಮನೆ ನಡೆಸುತ್ತಿರುವುದನ್ನೂ, ಪಡಿತರದ ಅಕ್ಕಿ ಹಾಗೂ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿ ಆ ಮನೆಗೆ ಆಸರೆಯಾದುದನ್ನೂ ಹೇಳಿ, ಇದನ್ನು ಭಿಕ್ಷೆಯೆಂದು ಕರೆಯಬೇಡಿರಿ, ಇದು ದುಡಿಯುವವರ ಹಕ್ಕು ಎಂದನು. ಅವನ ತರುವಾಯ ಮಾತನಾಡಿದವರು ಇದೇ ನಿಲಯದ ಹಳೆಯ ವಿದ್ಯಾರ್ಥಿಗಳು, ಸಜ್ಜನರು, ದಾನಿಗಳು. ಅವರು ನಗುತ್ತ, “ತಮ್ಮಾ, ನಿನ್ನ ವಯಸ್ಸಿನಲ್ಲಿ ನಾನೂ ಹೀಗೆಯೇ ಮಾತನಾಡುತ್ತಿದ್ದೆ. ನಾಳೆ ನೌಕರಿ ಸಿಗಲಿ, ತೆರಿಗೆ ಕಟ್ಟು, ಆಗ ಬುದ್ಧಿ ತಾನಾಗಿ ಬರುತ್ತದೆ” ಎಂದರು. ಬಿಟ್ಟಿ ಅನ್ನ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ ಎಂದೂ ಸೇರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಹುಡುಗ ತಲೆ ತಗ್ಗಿಸಿ ಕುಳಿತನು. ವೇದಿಕೆಯ ಮೇಲಿದ್ದ ನಾವು ಏನನ್ನೂ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂಬುದನ್ನು ಮುಂದೆ ನಿವೇದಿಸುತ್ತೇವೆ.

ಸರ್ಕಾರದ ಯಾವ ಯೋಜನೆ ಸರಿ, ಯಾವುದು ತಪ್ಪು ಎಂಬುದು ಇಲ್ಲಿಯ ವಿಷಯವಲ್ಲ. ಬೊಕ್ಕಸದ ಲೆಕ್ಕವನ್ನಿಟ್ಟು ಆ ಯೋಜನೆ ಸಲ್ಲದೆಂದು ಯಾರಾದರೂ ವಾದಿಸಿದರೆ ಅದನ್ನು ಆಲಿಸಬೇಕು, ಉತ್ತರವಿದ್ದರೆ ಕೊಡಬೇಕು. ಅಂದು ನಡೆದುದು ವಾದವಲ್ಲ. ಹುಡುಗನ ಮಾತಿಗೆ ಪ್ರತಿಯಾಗಿ ಹಿರಿಯರು ಮುಂದಿಟ್ಟುದು ತಮ್ಮ ವಯಸ್ಸನ್ನು. ನನಗೆ ವಯಸ್ಸಾಗಿದೆ, ನನ್ನ ಅಭಿಪ್ರಾಯ ಬದಲಾಗಿದೆ, ಆದ್ದರಿಂದ ಬದಲಾದ ಅಭಿಪ್ರಾಯವೇ ಸತ್ಯ. ಈ ಅನುಮಾನದಲ್ಲಿ ದೋಷವಿದೆ.

ಸಂಸ್ಕೃತ ಪಾಠಶಾಲೆಯಲ್ಲಿ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆ ಈ ದೋಷದ ಹೆಸರು ಗೊತ್ತು. ಹೊಗೆಯಿದ್ದಲ್ಲಿ ಬೆಂಕಿಯಿದೆಯೆನ್ನಬಹುದು. ಅದನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆನ್ನಲಾಗದು. ಕಾಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗಾದರೆ ಹೊಗೆ ಎಲ್ಲಿಂದ ಬಂತು? ಹಸಿಯ ಸೌದೆಯಿಂದ. ಬೆಂಕಿಯೊಡನೆ ಹಸಿ ಸೌದೆ ಕೂಡಿದಾಗ ಮಾತ್ರ ಹೊಗೆ. ನೈಯಾಯಿಕರು ಇದನ್ನು ಉಪಾಧಿಯೆನ್ನುತ್ತಾರೆ. ಕಾರಣವೆಂದು ನಾವು ಭ್ರಮಿಸಿದ ವಸ್ತುವಿನ ಮರೆಯಲ್ಲಿ ಕುಳಿತು ಕೆಲಸ ಮಾಡುವ ನಿಜವಾದ ಕಾರಣವದು. ವಯಸ್ಸು ಬೆಂಕಿ. ಬಡವನ ಮಾತು ಕೇಳಿದೊಡನೆ ಮೂಗು ಮುರಿಯುವ ಪ್ರವೃತ್ತಿ ಹೊಗೆ. ಇವೆರಡರ ನಡುವೆ ಇರುವ ಹಸಿ ಸೌದೆ ಯಾವುದು ಎಂದು ನಾವು ವಿಚಾರಿಸಬೇಕು.

ವಯಸ್ಸೇ ಕಾರಣವಾಗಿದ್ದರೆ ವಯಸ್ಸಾದವರೆಲ್ಲರೂ ಒಂದೇ ದಿಕ್ಕಿಗೆ ವಾಲಬೇಕಾಗಿತ್ತು. ಇತಿಹಾಸ ಹಾಗೆ ಹೇಳುವುದಿಲ್ಲ. ಯೌವನದಲ್ಲಿ ಉದಾರವಾದ, ಪ್ರೌಢ ವಯಸ್ಸಿನಲ್ಲಿ ಸಂಪ್ರದಾಯವಾದ ಎಂಬ ಆಂಗ್ಲರ ನಾಣ್ಣುಡಿಯೊಂದನ್ನು ಚರ್ಚಿಲ್ಲರ ತಲೆಗೆ ಕಟ್ಟುವುದುಂಟು. ಆದರೆ ಚರ್ಚಿಲ್ಲರು 1900ರಲ್ಲಿ ತಮ್ಮ 25ನೆಯ ವಯಸ್ಸಿನಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿದುದು ಕನ್ಸರ್ವೇಟಿವ್ ಪಕ್ಷದಿಂದ; 1904ರಲ್ಲಿ ಲಿಬರಲ್ ಪಕ್ಷಕ್ಕೆ ಹೋದರು; 1924ರಲ್ಲಿ ಹಿಂದಿರುಗಿದರು. ಅವರ ಬಾಳೇ ಆ ನುಡಿಗೆ ಸರಿಹೊಂದದು. ಅದೇ ದೇಶದ ಗ್ಲ್ಯಾಡ್‌ಸ್ಟನ್ನರನ್ನು ನೋಡಿರಿ. ಅವರ ತಂದೆಗೆ ಡೆಮೆರಾರಾದಲ್ಲಿ ಗುಲಾಮರು ದುಡಿಯುತ್ತಿದ್ದ ಸಕ್ಕರೆಯ ತೋಟಗಳಿದ್ದವು. 1833ರಲ್ಲಿ ಟೋರಿ ಪಕ್ಷದ ತರುಣ ಸದಸ್ಯರಾಗಿ ಅವರು ಆ ತೋಟಗಳ ಒಡೆಯರ ಪರವಾಗಿ ಮಾತನಾಡಿದವರು. ಅವರೇ 1886ರಲ್ಲಿ, 76ನೆಯ ವಯಸ್ಸಿನಲ್ಲಿ, ಲಿಬರಲ್ ಪ್ರಧಾನಿಯಾಗಿ ಐರ್ಲೆಂಡಿಗೆ ಸ್ವಯಮಾಡಳಿತ ನೀಡುವ ಮಸೂದೆಯನ್ನು ತಂದರು. ಪಕ್ಷ ಒಡೆಯಿತು, ಮಸೂದೆ ಸೋತಿತು, ಅಧಿಕಾರ ಹೋಯಿತು. 1893ರಲ್ಲಿ, 83ನೆಯ ವಯಸ್ಸಿನಲ್ಲಿ, ಅದೇ ಮಸೂದೆಯನ್ನು ಮತ್ತೆ ತಂದರು.

ನಮ್ಮ ದೇಶದಲ್ಲಿ ಗಾಂಧೀಜಿಯವರಿಗಿಂತ ದೊಡ್ಡ ನಿದರ್ಶನ ಬೇಕೆ? 1899ರ ಬೋಯರ್ ಯುದ್ಧದಲ್ಲಿ ಬ್ರಿಟಿಷರಿಗಾಗಿ ಗಾಯಾಳುಗಳ ಶುಶ್ರೂಷಾ ದಳ ಕಟ್ಟಿದವರು, 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿ ಹಳ್ಳಿ ತಿರುಗಿ ಬ್ರಿಟಿಷ್ ಸೈನ್ಯಕ್ಕೆ ಜನರನ್ನು ಸೇರಿಸಲು ಯತ್ನಿಸಿದವರು, 1920ರಲ್ಲಿ ಸಾಮ್ರಾಜ್ಯವು ಕೊಟ್ಟ ಪದಕವನ್ನು ಹಿಂದಿರುಗಿಸಿ ಅಸಹಕಾರಕ್ಕೆ ಇಳಿದರು. ಆಗ ಅವರಿಗೆ 50 ತುಂಬಿತ್ತು. ಒಂದು ಕಾಲಕ್ಕೆ ಅಂತರ್ಜಾತೀಯ ಭೋಜನ ವಿವಾಹಗಳ ವಿಷಯದಲ್ಲಿ ಹಿಂದೆಗೆಯುತ್ತಿದ್ದವರು, ಬಾಳಿನ ಕೊನೆಯ ವರ್ಷಗಳಲ್ಲಿ ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಆ ಮದುವೆಗೆ ತಮ್ಮ ಆಶೀರ್ವಾದವೆಂದರು. ವಯಸ್ಸಾದಂತೆ ಅವರ ನಿಲುವು ಹರಿತವಾಯಿತೇ ಹೊರತು ಮೊಂಡಾಗಲಿಲ್ಲ.

ಆದ್ದರಿಂದ ವಯಸ್ಸು ಕಾರಣವಲ್ಲ. ಹಾಗಾದರೆ ನಮ್ಮ ಬಹುಮಂದಿಯಲ್ಲಿ ಕಾಣುವ ಆ ಹೊಗೆಗೆ ಕಾರಣವೇನು? ಕಳೆದುಕೊಳ್ಳಲು ಏನಾದರೂ ಇರುವುದೇ ಆ ಹಸಿ ಸೌದೆಯೆಂದು ನಮ್ಮ ನಂಬಿಕೆ. ಆಸ್ತಿ, ಅಧಿಕಾರ, ಪ್ರತಿಷ್ಠೆ, ಮಕ್ಕಳ ಭವಿಷ್ಯ ಇವು ಕೂಡಿದಂತೆಲ್ಲ ಭಯವೂ ಕೂಡುತ್ತದೆ. ಭಯಕ್ಕೆ ನಾವು ವಿವೇಕವೆಂದು ಹೆಸರಿಡುತ್ತೇವೆ. ಆದರ್ಶ ರಾಜ್ಯದ ಆಳ್ವಿಕೆಗೆ 50 ದಾಟಿದ ಜ್ಞಾನಿಗಳು ಬೇಕೆಂದ ಪ್ಲೇಟೋವನ್ನು ಹಿರಿಯರು ನೆನೆಯುತ್ತಾರೆ. ಅವನ ಶಿಷ್ಯನಾದ ಅರಿಸ್ಟಾಟಲನು ವಾಗ್ಮಿತೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಮುಪ್ಪು ಮನುಷ್ಯನನ್ನು ಅಂಜುಬುರುಕನನ್ನಾಗಿಯೂ ಲಾಭದ ಲೆಕ್ಕಿಗನನ್ನಾಗಿಯೂ ಮಾಡುತ್ತದೆಂದು ಬರೆದುದನ್ನು ಮಾತ್ರ ನೆನೆಯುವುದಿಲ್ಲ. ಕುರುಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಉತ್ತರ ಹೇಳಲಾರದೆ ತಡವರಿಸಿದವನು ಸಭೆಯ ಹಿರಿಯನಾದ ಭೀಷ್ಮ. ಎದ್ದು ನಿಂತು ನ್ಯಾಯವನ್ನಾಡಿದವನು ದುರ್ಯೋಧನನ ತಮ್ಮನಾದ ವಿಕರ್ಣ. ಅವನನ್ನೂ ಕರ್ಣನು ಹುಡುಗನೆಂದೇ ಜರೆದನು.

ನಮ್ಮ ನಾಡಿನ ನೆಲದ ಕಥೆಯನ್ನೇ ತೆಗೆದುಕೊಳ್ಳೋಣ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಅದನ್ನು ನಡೆಸಿದರು. ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಉಳುವವನನ್ನು ನೆಲದ ಒಡೆಯನನ್ನಾಗಿ ಮಾಡಿತು. ಶ್ರೀಮಠದ ಗೇಣಿ ಭೂಮಿಯೂ ಅಂದು ಉಳುವವರ ಪಾಲಾಯಿತು. ನಮ್ಮ ಹಿರಿಯ ಗುರುಗಳು ಅದಕ್ಕಾಗಿ ಯಾರನ್ನೂ ಶಪಿಸಲಿಲ್ಲ. ನಮೂನೆ 7ನ್ನು ತುಂಬಿ, ಭೂ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿ ಭೂಮಿ ಪಡೆದವರ ಮಕ್ಕಳು ಇಂದು ನಮ್ಮ ಭಕ್ತರಲ್ಲಿ ಹಲವರಿದ್ದಾರೆ. ಕಾನೂನು ತಮ್ಮ ತಂದೆಯನ್ನು ಕೈಹಿಡಿದು ಎತ್ತಿದುದನ್ನು ಅವರು ಬಲ್ಲರು. ಆದರೂ ಇಂದು ತಮ್ಮ ಹೊಲದ ಕೂಲಿಯಾಳು ಮನೆಯ ನಿವೇಶನ ಕೇಳಿದರೆ, ಸರ್ಕಾರ ಈ ಜನರನ್ನು ಕೆಡಿಸಿಬಿಟ್ಟಿತೆನ್ನುತ್ತಾರೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿದಾಗ ರೈತ ಸಂಘಟನೆಗಳು ಬೀದಿಗಿಳಿದವು; ಇವರಲ್ಲಿ ಕೆಲವರು ಎಕರೆಯ ಬೆಲೆ ಎಷ್ಟು ಏರೀತೆಂದು ಎಣಿಸುತ್ತ ಕುಳಿತರು. ತನ್ನ ಭೂಮಿಗೆ ಒಳ್ಳೆಯ ಬೆಲೆ ಬಯಸುವುದು ಪಾಪವಲ್ಲ. ಆದರೆ ಉಳುವವನಿಗೆ ಭೂಮಿ ಎಂದ ತಂದೆಯ ಮಗ ಕೊಳ್ಳುವವನಿಗೆ ಭೂಮಿ ಎನ್ನುವಾಗ, ಇದು ನನ್ನ ವಯಸ್ಸು ಕಲಿಸಿದ ಬುದ್ಧಿ ಎಂದು ಹೇಳಿಕೊಳ್ಳಬಾರದು. ಅದನ್ನು ಕಲಿಸಿದುದು ಪಹಣಿ ಪತ್ರಿಕೆ.

ಇಲ್ಲಿ ಇನ್ನೊಂದು ಭ್ರಮೆಯನ್ನೂ ಕಳೆಯಬೇಕು. ವಯಸ್ಸಿನ ಪರಿಣಾಮವೆಂದು ನಾವು ತಿಳಿದುದು ಎಷ್ಟೋ ವೇಳೆ ತಲೆಮಾರಿನ ಪರಿಣಾಮವಾಗಿರುತ್ತದೆ. ಸಮಾಜಶಾಸ್ತ್ರಜ್ಞನಾದ ಕಾರ್ಲ್ ಮ್ಯಾನ್‌ಹೈಮನು 1928ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಹರೆಯದಲ್ಲಿ ಕಂಡ ದೊಡ್ಡ ಘಟನೆಗಳು ಆ ತಲೆಮಾರಿನ ದೃಷ್ಟಿಯನ್ನು ಬಹುಕಾಲ ರೂಪಿಸುತ್ತವೆಂದು ವಿವರಿಸಿದ್ದಾನೆ. 1942ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರ ಮನಸ್ಸೇ ಬೇರೆ, 1975ರ ತುರ್ತು ಪರಿಸ್ಥಿತಿಯಲ್ಲಿ ಇಪ್ಪತ್ತು ವರ್ಷದವರಾಗಿದ್ದವರ ಮನಸ್ಸೇ ಬೇರೆ. ಇಂದು ಇಪ್ಪತ್ತು ವರ್ಷದ ಹುಡುಗನು ನಾಳೆ ನಮ್ಮಂತೆಯೇ ಆಗುವನೆಂದು ನಾವು ಹೇಳುವುದು ಜ್ಯೋತಿಷ್ಯವೇ ಹೊರತು ಜ್ಞಾನವಲ್ಲ. ಅವನು ಕಾಣುತ್ತಿರುವ ಲೋಕವನ್ನು ನಾವು ಅವನ ವಯಸ್ಸಿನಲ್ಲಿ ಕಂಡಿರಲಿಲ್ಲ.

ಹಾಗೆಂದು ಅಭಿಪ್ರಾಯ ಬದಲಿಸದವನೇ ಸತ್ಪುರುಷನೆಂದು ನಾವು ಹೇಳುತ್ತಿಲ್ಲ. ಕಣ್ಣ ಮುಂದೆ ಸತ್ಯ ಬಂದು ನಿಂತರೂ ಹಳೆಯ ಘೋಷಣೆಯನ್ನೇ ಕೂಗುವವನು ಹಟಮಾರಿ. ಬದಲಾವಣೆ ಬೇಕು, ಅದು ಯಾವ ದಿಕ್ಕಿಗೆಂಬುದೂ ಮುಖ್ಯವಲ್ಲ. ಮುಖ್ಯವಾದ ಪ್ರಶ್ನೆ ಒಂದೇ: ಬದಲಾದವನು ಆ ಬದಲಾವಣೆಗೆ ಬೆಲೆ ತೆತ್ತನೆ, ಅಥವಾ ಬೆಲೆ ಪಡೆದನೆ?

ಜಯಪ್ರಕಾಶ ನಾರಾಯಣರು ಅಮೆರಿಕದಲ್ಲಿ ಓದುವಾಗ ಮಾರ್ಕ್ಸ್‌ವಾದಿಯಾದರು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದರು. 1942ರಲ್ಲಿ ಹಜಾರಿಬಾಗ್ ಸೆರೆಮನೆಯ ಗೋಡೆ ಹಾರಿದರು. 1953ರಲ್ಲಿ ನೆಹರೂ ಅವರೊಡನೆ ಸಹಕಾರದ ಮಾತುಕತೆ ನಡೆದಿತ್ತು; ಅಧಿಕಾರ ಕೈಗೆಟುಕುವಷ್ಟು ಹತ್ತಿರವಿತ್ತು. ಅವರು 1954ರಲ್ಲಿ ಬೋಧಗಯೆಯಲ್ಲಿ ತಮ್ಮ ಜೀವನವನ್ನೇ ಸರ್ವೋದಯಕ್ಕೆ ಅರ್ಪಿಸಿದರು. ಮತ್ತೆ 1974ರಲ್ಲಿ ಬಿಹಾರದ ವಿದ್ಯಾರ್ಥಿಗಳ ಕರೆಗೆ ಓಗೊಟ್ಟರು. 1975ರ ಜೂನ್‌ನಲ್ಲಿ ಸೆರೆಯಾದಾಗ ಅವರಿಗೆ 72 ವರ್ಷ. ಬಿಡುಗಡೆಯಾಗಿ ಬಂದುದು ಕೆಟ್ಟ ಮೂತ್ರಪಿಂಡಗಳೊಡನೆ. ಇನ್ನು ರಾಜಾಜಿಯವರು. ಅವರು ಹೋದುದು ಬೇರೆಯ ದಿಕ್ಕಿಗೆ. ಗವರ್ನರ್ ಜನರಲ್ ಆಗಿದ್ದವರು, ಮದ್ರಾಸಿನ ಮುಖ್ಯಮಂತ್ರಿಯಾಗಿದ್ದವರು, ಕಾಂಗ್ರೆಸ್ಸಿಗೆ ಎದುರಿಲ್ಲದ ಕಾಲದಲ್ಲಿ, 1959ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ ಅದಕ್ಕೆ ಎದುರಾಗಿ ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. 1938ರಲ್ಲಿ ಶಾಲೆಗಳಿಗೆ ಹಿಂದಿಯನ್ನು ತಂದವರೇ 1965ರಲ್ಲಿ ಹಿಂದಿಯ ಹೇರಿಕೆಯನ್ನು ವಿರೋಧಿಸಿದರು. ಅವರ ಆರ್ಥಿಕ ವಿಚಾರಗಳನ್ನು ಒಪ್ಪದವರೂ ಅವರನ್ನು ಅವಕಾಶವಾದಿಯೆನ್ನಲಾರರು. ಬದಲಾದುದರಿಂದ ಅವರಿಗೆ ದೊರೆತುದು ಹಳೆಯ ಗೆಳೆಯರ ಮುನಿಸು, ವಿರೋಧ ಪಕ್ಷದ ಬೆಂಚು.

ಇದರ ಪಕ್ಕದಲ್ಲಿ ಇನ್ನೊಂದು ಬಗೆಯ ಬದಲಾವಣೆಯನ್ನಿಡಿರಿ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿ ‘ಆಯಾರಾಮ್ ಗಯಾರಾಮ್’ ಎಂಬ ನುಡಿಗಟ್ಟನ್ನು ದೇಶಕ್ಕೆ ಕೊಟ್ಟರು. ಇಂಥದನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿ ಬಂತು. ಆದರೂ 2019ರಲ್ಲಿ ನಮ್ಮದೇ ವಿಧಾನಸಭೆಯ 17 ಮಂದಿ ಶಾಸಕರು ಅನರ್ಹರಾದುದನ್ನು, ಅವರಲ್ಲಿ ಹಲವರು ಅದೇ ವರ್ಷದ ಉಪಚುನಾವಣೆಯಲ್ಲಿ ಹೊಸ ಪಕ್ಷದಿಂದ ಗೆದ್ದು ಮುಂದೆ ಮಂತ್ರಿಗಳಾದುದನ್ನು ಕಂಡೆವು. ಪಕ್ಷಾಂತರ ಮಾಡಿದವರಿಗೆಲ್ಲ ಜನ ಛೀ ಎನ್ನುತ್ತಾರೆ. ಆದರೆ ವೇತನ ಏರಿದಂತೆ, ನಿವೇಶನ ಹೆಚ್ಚಿದಂತೆ ತನ್ನ ನ್ಯಾಯಬುದ್ಧಿಯನ್ನು ಸ್ವಲ್ಪ ಸ್ವಲ್ಪವಾಗಿ ಸರಿಸಿಕೊಂಡು ಬಂದ ಗೃಹಸ್ಥನು ಮಾಡಿದುದೂ ಪಕ್ಷಾಂತರವೇ ಅಲ್ಲವೆ? ಅವನು ಅದಕ್ಕೆ ಮೂವತ್ತು ವರ್ಷ ತೆಗೆದುಕೊಂಡನು, ಅಷ್ಟೆ.

ಈಗ ನಮ್ಮ ಮಾತು. ಪರರಿಗೆ ಅಳತೆಗೋಲು ಕೊಟ್ಟವನು ತನ್ನನ್ನೂ ಅಳೆದುಕೊಳ್ಳಬೇಕು. 1989ರ ಮಾರ್ಚಿನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆ ನವೆಂಬರಿನ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕಿದ ಹುಡುಗರಲ್ಲಿ ನಾವೂ ಒಬ್ಬರು. ಮೀಸೆ ಮೂಡದವರ ಕೈಗೆ ರಾಜ್ಯ ಹೋಯಿತೆಂದು ಅಂದಿನ ಹಿರಿಯರು ನಕ್ಕಿದ್ದು ನೆನಪಿದೆ. ಮರುವರ್ಷ ಆಗಸ್ಟಿನಲ್ಲಿ ಮಂಡಲ ಆಯೋಗದ ಶಿಫಾರಸನ್ನು ಜಾರಿಗೆ ತರುವುದಾಗಿ ಪ್ರಧಾನಿ ವಿ. ಪಿ. ಸಿಂಗ್ ಘೋಷಿಸಿದಾಗ, ನಮ್ಮ ನಿಲಯದ ಗೋಡೆ ಪತ್ರಿಕೆಯಲ್ಲಿ ಮೀಸಲಾತಿಯ ವಿರುದ್ಧ ಉರಿಯುವ ಲೇಖನ ಬರೆದವರು ನಾವೇ. ಯೋಗ್ಯತೆ ಸತ್ತಿತೆಂದು ಬರೆದಿದ್ದೆವು. ತರುವಾಯ ಶ್ರೀಮಠದ ಹೊಣೆ ನಮ್ಮ ಮೇಲೆ ಬಂತು. ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ನಿಲಯದ ಪ್ರವೇಶ ಅರ್ಜಿಗಳನ್ನು ನಾವೇ ಕುಳಿತು ಓದತೊಡಗಿದೆವು. ತಂದೆಯ ಉದ್ಯೋಗ, ತಾಯಿಯ ಸಹಿ ಇರಬೇಕಾದಲ್ಲಿ ಹೆಬ್ಬೆಟ್ಟಿನ ಗುರುತು, ದೀಪವಿಲ್ಲದ ಮನೆಯಲ್ಲಿ ಓದಿ ತೆಗೆದ ಅಂಕಗಳು. ಹತ್ತಾರು ವರ್ಷ ಆ ಅರ್ಜಿಗಳನ್ನು ಓದಿದ ಮೇಲೆ ಗೋಡೆ ಪತ್ರಿಕೆಯ ನಮ್ಮ ಲೇಖನ ನಮಗೇ ನಾಚಿಕೆ ತಂದಿತು. ಅಂಕವೆಂಬುದು ಎಲ್ಲಿ ತಲುಪಿದನೆಂಬುದನ್ನು ತಿಳಿಸುತ್ತದೆ, ಎಲ್ಲಿಂದ ಹೊರಟನೆಂಬುದನ್ನು ತಿಳಿಸುವುದಿಲ್ಲವೆಂದು ಅರಿವಾಯಿತು. ಇದನ್ನು ಹೇಳಿದಾಗ ಹಳೆಯ ಕೆಲವು ಭಕ್ತರು ನಮ್ಮಿಂದ ದೂರವಾದರು. ಇಂಥ ಬದಲಾವಣೆಯನ್ನು ಅನುಭವದ ಫಲವೆಂದು ಕರೆಯಲು ನಮಗೆ ಸಂಕೋಚವಿಲ್ಲ.

ಆದರೆ ಇನ್ನೊಂದು ಬದಲಾವಣೆಯೂ ನಮ್ಮಲ್ಲಿ ಆಗಿದೆ. ಇಪ್ಪತ್ತರಲ್ಲಿ ಮಠಗಳು ಮಂತ್ರಿಗಳ ಬಾಗಿಲು ಕಾಯಬಾರದೆಂದು ವಾದಿಸುತ್ತಿದ್ದೆವು. ಕಾಲೇಜಿನ ಅನುದಾನ, ಕಟ್ಟಡದ ಮಂಜೂರಾತಿ ಎಂದು ಕಡತ ಹಿಡಿದು ತಿರುಗಿದ ಮೇಲೆ ನಮ್ಮ ನಾಲಿಗೆ ಮೃದುವಾಯಿತು. ಮಂತ್ರಿಯಾದವರು ವೇದಿಕೆಗೆ ಬಂದರೆ ಹೇಳಬೇಕಾದುದನ್ನು ಬಿಟ್ಟು ಹೇಳಬಹುದಾದುದನ್ನು ಹೇಳುವುದನ್ನು ಕಲಿತೆವು. ಇದನ್ನು ಲೋಕಜ್ಞಾನವೆಂದು ನಮಗೆ ನಾವೇ ಹೇಳಿಕೊಂಡೆವು. ಸಮಾವೇಶದ ದಿನ ಆ ಹುಡುಗ ತಲೆ ತಗ್ಗಿಸಿದಾಗ ನಾವು ಸುಮ್ಮನಿದ್ದುದೂ ಇದೇ ಲೋಕಜ್ಞಾನದಿಂದ. ಅವನನ್ನು ನಕ್ಕು ಕೂರಿಸಿದ ಮಹನೀಯರು ಅಂದು ಬೆಳಿಗ್ಗೆ ತಾನೇ ನಿಲಯಕ್ಕೆ ನಾಲ್ಕು ಕೊಠಡಿಗಳನ್ನು ಕಟ್ಟಿಸಿಕೊಡುವುದಾಗಿ ಘೋಷಿಸಿದ್ದರು. ರಾತ್ರಿ ಹುಡುಗ ಬಂದು ಪಾದಕ್ಕೆರಗಿ, “ಬುದ್ಧಿ, ನಾನು ತಪ್ಪು ಮಾತನಾಡಿದೆನೆ?” ಎಂದು ಕೇಳಿದನು. “ಹೋಗಪ್ಪ, ಓದಿಕೊ” ಎಂದೆವು. ಆ ಉತ್ತರ ಅಂದಿನಿಂದ ನಮ್ಮನ್ನು ಚುಚ್ಚುತ್ತಿದೆ.

ಪೂರ್ವ ವಿದ್ಯಾರ್ಥಿಗಳೆ, ಬಿಟ್ಟಿ ಅನ್ನ ಮನುಷ್ಯನನ್ನು ಸೋಮಾರಿಯನ್ನಾಗಿ ಮಾಡುವುದಾದರೆ ಅದಕ್ಕೆ ಮೊದಲ ಸಾಕ್ಷಿಗಳು ನೀವೇ ಆಗಬೇಕಾಗಿತ್ತು, ನಾವೂ ಆಗಬೇಕಾಗಿತ್ತು. ನಾಲ್ಕೈದು ವರ್ಷ ಇದೇ ಪಂಕ್ತಿಯಲ್ಲಿ ತಟ್ಟೆ ಹಿಡಿದು ಕುಳಿತೆವು. ಮುದ್ದೆ ಸಾರಿಗೆ ಯಾರೂ ನಮ್ಮಿಂದ ಹಣ ಕೇಳಲಿಲ್ಲ. ಅದನ್ನು ಉಂಡು ನೀವು ವೈದ್ಯರಾದಿರಿ, ಇಂಜಿನಿಯರಾದಿರಿ, ಅಧಿಕಾರಿಗಳಾದಿರಿ. ಆ ಅನ್ನಕ್ಕೆ ದಾಸೋಹವೆಂದು ಹೆಸರಿಟ್ಟು ಕೈಮುಗಿಯುವ ನೀವು, ಕೂಲಿಯವಳ ಮನೆಗೆ ಹೋದ ಅಕ್ಕಿಗೆ ಬಿಟ್ಟಿಯೆಂದು ಹೆಸರಿಡುವುದು ಯಾವ ನ್ಯಾಯ? ಯೋಜನೆಯಲ್ಲಿ ಸೋರಿಕೆಯಿದ್ದರೆ ತೋರಿಸಿರಿ, ಅನರ್ಹರಿಗೆ ಹೋಗುತ್ತಿದ್ದರೆ ಹೇಳಿರಿ, ಶಾಲೆಗೆ ಆಸ್ಪತ್ರೆಗೆ ಹಣ ಸಾಲದಾಗುತ್ತದೆಯೆಂದು ಲೆಕ್ಕವಿಟ್ಟು ವಾದಿಸಿರಿ. ಹಸಿದವನ ಮಾತಿಗೆ ನಿಮ್ಮ ನರೆಗೂದಲನ್ನು ಮಾತ್ರ ಉತ್ತರವಾಗಿ ಕೊಡಬೇಡಿರಿ.

ನಿಮ್ಮ ಅಭಿಪ್ರಾಯ ಬದಲಾಗಿದ್ದರೆ ಒಂದು ರಾತ್ರಿ ಏಕಾಂತದಲ್ಲಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ನಾನು ಹೊಸದಾಗಿ ಕಂಡ ಸತ್ಯ ಯಾವುದು? ಈ ಬದಲಾವಣೆಯಿಂದ ನಾನು ಕಳೆದುಕೊಂಡುದೆಷ್ಟು, ಗಳಿಸಿದುದೆಷ್ಟು? ಇಪ್ಪತ್ತರ ವಯಸ್ಸಿನ ನಾನು ಇಂದು ಎದುರಿಗೆ ಬಂದು ನಿಂತರೆ ಅವನಿಗೆ ಕಾರಣ ಹೇಳಬಲ್ಲೆನೆ, ಅಥವಾ ತಲೆ ಸವರಿ ನಕ್ಕುಬಿಡುವೆನೆ? ಉತ್ತರ ಸಮಾಧಾನಕರವಾಗಿದ್ದರೆ ನಿಮ್ಮದು ನಿಜವಾಗಿ ಬಲಿತ ಬುದ್ಧಿ. ಅದಕ್ಕೆ ನಾವು ತಲೆ ಬಾಗುತ್ತೇವೆ.

ಇನ್ನು ನಮ್ಮ ಪಾಲಿನ ಪ್ರಾಯಶ್ಚಿತ್ತ. ಆ ವಿದ್ಯಾರ್ಥಿಯನ್ನು ಕರೆಸಿ, ನೀನು ತಪ್ಪು ಮಾತನಾಡಲಿಲ್ಲ, ಸುಮ್ಮನಿದ್ದ ನಾವು ತಪ್ಪು ಮಾಡಿದೆವು ಎಂದು ಹೇಳಿದ್ದೇವೆ. ಮುಂದಿನ ಸಮಾವೇಶದಲ್ಲಿ ಕೊನೆಯ ಮಾತು ನಿಲಯದ ವಿದ್ಯಾರ್ಥಿಯದು; ಹಿರಿಯರು ಮೊದಲು ಮಾತನಾಡಿ, ಅವನ ಉತ್ತರವನ್ನು ಕುಳಿತು ಕೇಳತಕ್ಕದ್ದು. ನಾಲ್ಕು ಕೊಠಡಿಗಳ ದಾನಿಗಳು ಈ ಲೇಖನವನ್ನು ಓದಿ ಮುನಿಯಲಾರರೆಂದು ನಮ್ಮ ವಿಶ್ವಾಸ, ಏಕೆಂದರೆ ಅವರೂ ಈ ನೆಲದಲ್ಲಿ ಬೆಳೆದವರು. ಒಂದು ವೇಳೆ ಮುನಿದರೆ ಹುಡುಗರು ಪಡಸಾಲೆಯಲ್ಲಿ ಮಲಗಿ ಓದುತ್ತಾರೆ. ನಾವೂ ಅಲ್ಲಿಯೇ ಮಲಗಿ ಓದಿದವರು.